ಮೇಜಿನ ಎಡ ಅಂಚು

ತೇಗದ ಮೇಜೊಂದರ ಎಡ ಅಂಚಿನಲ್ಲಿ ಹೆಬ್ಬೆರಳಗಲದ ಹಸಿರು ಕಲೆಯೊಂದು ಏನು ಮಾಡಿದರೂ ಹೋಗಲೊಲ್ಲದು ಎಂಬ ಸಂಗತಿಯನ್ನು ಲೋಕ ಇಷ್ಟು ಹಗುರವಾಗಿ ತೆಗೆದುಕೊಳ್ಳಬಾರದಿತ್ತು. ಸರ್ಕಾರಗಳು ಬೀಳುತ್ತವೆ, ಏಳುತ್ತವೆ; ಅದನ್ನು ಬರೆದಿಡಲು ಸಂಬಳದ ಜನ ಇದ್ದಾರೆ. ಎನಾಮಲ್ ಬಣ್ಣ ಮರದ ನರದೊಳಕ್ಕೆ ಇಳಿದು ಕೂತರೆ ಅದನ್ನು ಯಾವ ಮುಖ ಹೊತ್ತುಕೊಂಡು ವಾಪಸು ಕರೆಯಬೇಕು ಎಂಬುದನ್ನು ಮಾತ್ರ ಯಾವ ದೊಡ್ಡ ಮನುಷ್ಯನೂ ಕೂತು ಯೋಚಿಸಿದಂತೆ ಕಾಣಲಿಲ್ಲ. ಬೆಳಗಿನಿಂದ ಹಿಂದಿನ ವರಾಂಡದಲ್ಲಿ ಕುಕ್ಕುರುಗಾಲಿನಲ್ಲಿ ಕೂತು, ಮೂಗಿಗೆ ಸೆರಗು ಕಟ್ಟಿಕೊಂಡು, ಉಪ್ಪುಕಾಗದದಿಂದ ಉಜ್ಜುತ್ತಿದ್ದ ಅವಳಿಗಂತೂ ಆ ಹೊತ್ತಿಗೆ ಇದಕ್ಕಿಂತ ಘನವಾದ ಪ್ರಶ್ನೆ ಇರಲಿಲ್ಲ. ಇತ್ತು, ಆದರೆ ಅದನ್ನು ಉಪ್ಪುಕಾಗದದಿಂದ ಉಜ್ಜಲು ಬರುತ್ತಿರಲಿಲ್ಲ. ಸಂಜೆ ಕಾಫಿ ಹೊತ್ತಿಗೆ ಅತ್ತೆ ಆಸ್ಪತ್ರೆಯಿಂದ ಬರುವವರಿದ್ದರು.

ಬರುವವರು ಅಂದರೆ ಬಂದು ಉಳಿಯುವವರು ಎಂದೇನೂ ಅಲ್ಲ. ಬೆಳಿಗ್ಗೆ ಗಂಡ ಬೂಟಿನ ದಾರ ಕಟ್ಟಿಕೊಳ್ಳುತ್ತ ಅದನ್ನು ಎಷ್ಟು ಆರಾಮಾಗಿ ಹೇಳಿದನೆಂದರೆ ಹಾಲು ಮುಗಿದಿದೆ ಎಂಬುದನ್ನೂ ಅವನು ಅದಕ್ಕಿಂತ ಗಂಭೀರವಾಗಿ ಹೇಳುತ್ತಿದ್ದ. "ಅಮ್ಮ ಮೊದ್ಲು ಇಲ್ಲಿಗೇ ಬರ್ತಾರಂತೆ. ಮನೆ ನೋಡ್ಕೊಂಡು, ಒಂದು ಲೋಟ ಕಾಫಿ ಕುಡ್ದು, ಆಮೇಲೆ ಇಲ್ಲಿರೋದೋ ತಂಗಿ ಮನೇಲಿರೋದೋ ಹೇಳ್ತಾರಂತೆ."

"ಮನೆ ನೋಡ್ಕೊಂಡು ಅಂದ್ರೆ? ಅವರು ನೋಡದೆ ಇರೋ ಮನೆನಾ ಇದು?"

"ನನ್ನ ಕೇಳಿದ್ರೆ? ಅವರು ಹೇಳಿದ್ದು ಹೇಳ್ದೆ." ಅವನು ಲಿಫ್ಟ್ ರಿಪೇರಿ ಮಾಡುವವನು, ಅವನ ಲೋಕದಲ್ಲಿ ಎಲ್ಲವೂ ಮೇಲೆ ಹೋಗುತ್ತದೆ ಇಲ್ಲವೇ ಕೆಳಗೆ ಬರುತ್ತದೆ, ನಡುವೆ ನಿಂತದ್ದಕ್ಕೆ ಗ್ರೀಸ್ ಹಾಕಿದರೆ ಆಯಿತು. "ನೀನ್ಯಾಕೆ ಎರಡು ಮಹಡಿ ಮಧ್ಯ ಸಿಕ್ಕೊಂಡಿರೋ ಲಿಫ್ಟ್ ಥರ ಗುರ್ ಅಂತಿದೀಯ? ಮೇಜಿಗೆ ಕೈ ಹಾಕೋ ಮೊದ್ಲು ಅಮ್ಮನ್ನ ಕೇಳ್ದ್ಯಾ?"

"ಕೇಳಿ ಮಾಡಿದ್ರೆ ಅದು ಕೆಲಸ. ಕೇಳ್ದೆ ಮಾಡಿದ್ರೆ ಪ್ರೀತಿ."

ಈ ಮಾತು ತನ್ನ ಬಾಯಿಂದ ಬಂದದ್ದಕ್ಕೆ ಅವಳಿಗೇ ನಾಚಿಕೆಯಾಯಿತು. ಗೋಡೆಯ ಕ್ಯಾಲೆಂಡರಿನ ಅಡಿಯಲ್ಲಿ ಅಚ್ಚಾಗಿರುವ ಸುಭಾಷಿತದ ಹಾಗಿತ್ತು. ಗಂಡ ಒಂದು ಗಳಿಗೆ ಅವಳ ಮುಖ ನೋಡಿ, "ಹೌದಾ" ಅಂದು ಹೊರಟುಹೋದ.

ಅವಳ ಕಸುಬು ಕಟ್ಟುಹಲ್ಲು ಮಾಡುವುದು. ದಂತವೈದ್ಯರೊಬ್ಬರ ಕ್ಲಿನಿಕ್ಕಿನ ಹಿಂದುಗಡೆ, ಕಿಟಕಿಯಿಲ್ಲದ ಕೋಣೆಯಲ್ಲಿ, ಜನರ ಬಾಯಿಯ ಅಚ್ಚುಗಳನ್ನು ಸಾಲಾಗಿ ಜೋಡಿಸಿಕೊಂಡು ಕೂರುತ್ತಾಳೆ. ಮನುಷ್ಯರನ್ನು ಅವಳು ಒಳಗಿನಿಂದ ಬಲ್ಲಳು, ಅಂದರೆ ದವಡೆಯವರೆಗೆ. ಯಾರು ರಾತ್ರಿ ಹಲ್ಲು ಕಡಿಯುತ್ತಾರೆ, ಯಾರು ಒಂದೇ ಕಡೆ ಜಗಿಯುತ್ತಾರೆ, ಯಾರು ನಗುವಾಗ ಬಾಯಿ ಮುಚ್ಚಿಕೊಳ್ಳುತ್ತಾರೆ ಎಂಬುದನ್ನೆಲ್ಲ ಅಚ್ಚು ನೋಡಿಯೇ ಹೇಳುತ್ತಾಳೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವಳು ಮಾಡಿದ ಮೊದಲ ಸೆಟ್ಟನ್ನು ಡಾಕ್ಟರು ಬೆಳಕಿಗೆ ಹಿಡಿದು ನೋಡಿ, "ಚೆನ್ನಾಗಿದೆಯಮ್ಮಾ, ಆದ್ರೆ ಯಾರೂ ನಂಬಲ್ಲ," ಅಂದಿದ್ದರು. ಅಷ್ಟು ಬಿಳುಪಾದ, ಅಷ್ಟು ಸಮನಾದ ಹಲ್ಲು ಯಾವ ಬಾಯಿಯಲ್ಲೂ ಇರುವುದಿಲ್ಲ. ಬುಡದಲ್ಲಿ ಒಂದಿಷ್ಟು ಚಹಾದ ಕಂದು ಬೇಕು, ಮುಂದಿನ ಹಲ್ಲಿನಲ್ಲಿ ಕೂದಲೆಳೆಯಂಥ ಒಂದು ಬಿರುಕು ಬೇಕು. ಸುಳ್ಳಿಗೆ ಸ್ವಲ್ಪ ಕೊಳೆ ಬೆರೆಸದಿದ್ದರೆ ಅದು ಬಾಯಲ್ಲಿ ನಿಲ್ಲುವುದಿಲ್ಲ. ಇದನ್ನು ಅವಳು ಬಹಳ ಬೇಗ ಕಲಿತಳು. ಎಷ್ಟು ಚೆನ್ನಾಗಿ ಕಲಿತಳೆಂದರೆ, ಆಮೇಲೆ ಅತ್ತೆಗೆ ಹಲ್ಲು ಕಟ್ಟಿಕೊಟ್ಟಾಗ ಅವರು ಕನ್ನಡಿಯ ಮುಂದೆ ತುಟಿ ಎತ್ತಿ ಹಿಡಿದು, "ಹೊಸ ಹಲ್ಲಿಗೆ ಹಳೇ ಕಲೆ! ಒಳ್ಳೆ ಸೊಸೆ ಸಿಕ್ಕಿದಾಳೆ ನಂಗೆ, ಹೊಸ ಸೀರೆ ಕೊಡ್ಸಿದ್ರೂ ತೇಪೆ ಹಾಕಿ ಕೊಡ್ತಾಳೆ," ಎಂದಿದ್ದರು. ಅದು ಹೊಗಳಿಕೆಯೋ ತೆಗಳಿಕೆಯೋ ಎಂದು ಅವಳು ಒಂದು ವಾರ ಯೋಚಿಸಿದ್ದಳು. ಅತ್ತೆಯ ಮಾತುಗಳೇ ಹಾಗೆ. ಮುಂದಿನಿಂದ ನೋಡಿದರೆ ನಗು, ಪಕ್ಕದಿಂದ ನೋಡಿದರೆ ಗೊತ್ತಾಗುವುದಿಲ್ಲ.

ಈಗ ಕ್ಲಿನಿಕ್ಕಿನ ಉಪಕರಣಗಳೇ ಬಟ್ಟೆಯ ಮೇಲೆ ಸಾಲಾಗಿ ಮಲಗಿದ್ದವು: ಮೇಣ ಕೆತ್ತುವ ಚಾಕು, ಕೊಕ್ಕೆ ಮೂತಿಯ ಸೂಜಿ, ಸಣ್ಣ ಬ್ರಶ್ಶುಗಳು. ಅವಳು ಸೂಜಿಯನ್ನು ಮರದ ಗೆರೆಯೊಳಕ್ಕೆ ಇಳಿಸಿ ಹಸಿರನ್ನು ಕೆದಕಿದಳು. ಒಂದು ಸಾಸಿವೆಯಷ್ಟು ಬಂತು. ಜೊತೆಗೆ ಎರಡು ಸಾಸಿವೆಯಷ್ಟು ಮರವೂ ಬಂತು. ಕೆಂಪು, ನೀಲಿ, ಹಳದಿಗಳೆಲ್ಲ ಸಜ್ಜನರು. ನಿನ್ನೆಯೇ ಚಾಕುವಿಗೆ ಸಿಪ್ಪೆಯ ಹಾಗೆ ಎದ್ದು ಬಂದಿದ್ದವು. ಹಸಿರಿನ ವಿಷಯದಲ್ಲಿ ತಪ್ಪು ಅವಳದೇ ಎಂದು ಅವಳಿಗೆ ಗೊತ್ತಿತ್ತು. ಮೊದಲು ಚಾಕುವಿನಿಂದ ಎಬ್ಬಿಸಬೇಕಿತ್ತು. ಅವಳು ಅವಸರಕ್ಕೆ ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ತಿಕ್ಕಿದ್ದಳು; ಗಟ್ಟಿಯಾಗಿ ಒಂದು ಕಡೆ ಕೂತಿದ್ದ ಬಣ್ಣ ಕರಗಿ, ನೀರಾಗಿ, ಸಿಕ್ಕ ಸಿಕ್ಕ ರಂಧ್ರಗಳಿಗೆಲ್ಲ ಇಳಿದುಹೋಯಿತು. ಅದರ ಮೇಲೆ ಉಪ್ಪುಕಾಗದ. ಅದು ಹಸಿರು ಪುಡಿ ಮಾಡಿ ಇನ್ನಷ್ಟು ಒಳಕ್ಕೆ ತುರುಕಿತು. ಉಜ್ಜಿದಷ್ಟೂ ಕಲೆ ಹಿಂದಕ್ಕೆ ಹಿಂದಕ್ಕೆ ಹೋಗುತ್ತಿತ್ತು, ಅಟ್ಟಿಸಿಕೊಂಡು ಹೋದವಳ ಕೈಗೆ ಸಿಕ್ಕದ ಮಗುವಿನ ಹಾಗೆ. ಈಗ ಅಲ್ಲಿ ಅಂಗೈಯಷ್ಟು ಜಾಗ ತಗ್ಗಾಗಿ, ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ಗೊತ್ತಾಗುತ್ತಿತ್ತು.

ಮೇಜು ಮಾವನದು. ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದವರು. ತಗಡಿನ ಹಲಗೆಯನ್ನು ಗೋಡೆಗೆ ಒರಗಿಸಿ, ಡಬ್ಬಿಗಳನ್ನು ಈ ಮೇಜಿನ ಮೇಲೆ ಸಾಲಾಗಿಟ್ಟು, ಕುಂಚವನ್ನು ಒಂದು ಬಣ್ಣದಿಂದ ಇನ್ನೊಂದಕ್ಕೆ ದಾಟಿಸುವಾಗ ಎಡ ಅಂಚಿಗೆ ಒರೆಸುತ್ತಿದ್ದರು. ಪಕ್ಕದಲ್ಲೇ ಬಟ್ಟೆ ಇರುತ್ತಿತ್ತು. "ಬಟ್ಟೆಗೆ ಒರೆಸಿದ್ರೆ ಒಗೀಬೇಕು, ಮೇಜಿಗೆ ಒರೆಸಿದ್ರೆ ಏನೂ ಮಾಡ್ಬೇಕಾಗಿಲ್ಲ" ಎಂಬುದು ಅವರ ಸಿದ್ಧಾಂತ. ಔಷಧಿ ಅಂಗಡಿಯ ಹಸಿರು, ಸೋಡಾ ಅಂಗಡಿಯ ಕೆಂಪು, ಯಾವುದೋ ಟೈಲರಿನ ನೀಲಿ, ಒಂದರ ಮೇಲೊಂದು ಹಾವಿನ ಪೊರೆಯ ಹಾಗೆ ಕಟ್ಟಿಕೊಂಡಿದ್ದವು. ಅವಳು ಮದುವೆಯಾಗಿ ಬಂದಾಗ ಅವರು ಅವಳನ್ನು ಮೇಲಿಂದ ಕೆಳಗಿನ ತನಕ ನೋಡಿ, "ಸರಿ ಬಿಡು, ನಾನು ಅಂಗಡಿಗಳ ಮುಖ ತಿದ್ದೋನು, ನೀನು ಮನುಷ್ಯರ ಮುಖ ತಿದ್ದೋಳು. ನಮ್ಮಿಬ್ರಿಗೂ ಬೇರೆಯವರ ಬಾಯಿಂದಾನೇ ಊಟ," ಎಂದಿದ್ದರು. ಅವರು ಹೋದ ಮೇಲೆ ಮೇಜು ಮುಂದಿನ ಕೋಣೆಯಲ್ಲಿ, ಅತ್ತೆಯ ಮಂಚದ ಪಕ್ಕಕ್ಕೆ ಬಂತು. ಅತ್ತೆ ಅದರ ಮೇಲೆ ನೀರು, ಕನ್ನಡಕ, ಹಲ್ಲಿನ ಬಟ್ಟಲು ಇಟ್ಟುಕೊಂಡರು. ಏಳುವಾಗ ನೋಡದೆ ಎಡಗೈ ಚಾಚುತ್ತಿದ್ದರು, ಅಂಚು ಅಲ್ಲಿರುತ್ತಿತ್ತು, ಅದನ್ನು ಹಿಡಿದು ಒಂದು ಉಸಿರು ಬಿಟ್ಟು ಎದ್ದು ನಿಲ್ಲುತ್ತಿದ್ದರು. ಇಷ್ಟು ವರ್ಷ ಇದನ್ನು ಅವಳು ದಿನಾ ನೋಡಿದ್ದಳು. ದಿನಾ ನೋಡಿದ್ದು ಕಣ್ಣಿಗೆ ಬೀಳುವುದಿಲ್ಲ.

ಡಾಕ್ಟರು ಮತ್ತು ಅವರ ಹೆಂಡತಿ ಒಂದು ಸಂಜೆ ಮನೆಗೆ ಬರುತ್ತೇವೆ ಅಂದಿದ್ದರು. ಅಷ್ಟೇ. ಬರೀ ಚಹಾಕ್ಕೆ. ಅವಳು ಪರದೆ ಒಗೆದಳು, ಲೋಟಗಳನ್ನು ಉಪ್ಪು ಹಾಕಿ ಬೆಳಗಿದಳು, ಬಾಗಿಲಲ್ಲಿ ನಿಂತು ಕೋಣೆಯನ್ನು ಡಾಕ್ಟರ ಹೆಂಡತಿಯ ಕಣ್ಣಿನಿಂದ ನೋಡಿದಳು. ಎಲ್ಲ ಸರಿಯಿತ್ತು, ಮೇಜೊಂದು ಮಾತ್ರ ಜಾತ್ರೆಯಿಂದ ತಪ್ಪಿಸಿಕೊಂಡು ಬಂದ ಕೋಡಂಗಿಯ ಹಾಗೆ ನಿಂತಿತ್ತು. ಅತ್ತೆ ಸ್ನಾನಕ್ಕೆ ಹೋದಾಗ ಅದನ್ನು ಹಿಂದಿನ ವರಾಂಡಕ್ಕೆ ಎಳೆದು ಹಾಕಿ, ಮಂಚದ ಪಕ್ಕಕ್ಕೆ ಹಗುರವಾದ ಬೆತ್ತದ ಸ್ಟೂಲೊಂದನ್ನು ಇಟ್ಟಳು. ಅತ್ತೆ ಬಂದು ನೋಡಿದರು, ಕನ್ನಡಕವನ್ನು ಸ್ಟೂಲಿನ ಮೇಲೆ ಇಟ್ಟರು. ಬಂದವರು ಚಹಾ ಕುಡಿದರು. ಡಾಕ್ಟರ ಹೆಂಡತಿ ಇಡೀ ಹೊತ್ತು ತಮ್ಮ ಫೋನು ನೋಡುತ್ತಿದ್ದರು. ಆ ಕೋಣೆಯಲ್ಲಿ ಆನೆ ಕಟ್ಟಿದ್ದರೂ ಅವರಿಗೆ ಗೊತ್ತಾಗುತ್ತಿರಲಿಲ್ಲ. ಅವರು ಹೋದ ಮೇಲೆ ಅವಳಿಗೆ ಸುಸ್ತಾಗಿತ್ತು. ಮೇಜು ನಾಳೆ ತಂದರಾಯಿತು ಅಂದುಕೊಂಡಳು. ಮರುದಿನ ಬೆಳಿಗ್ಗೆ ಅವಳು ಅಡುಗೆಮನೆಯಲ್ಲಿದ್ದಾಗ ಮುಂದಿನ ಕೋಣೆಯಲ್ಲಿ ಏನೋ ಬಿದ್ದ ಸದ್ದಾಯಿತು.

ಇಲ್ಲಿಯವರೆಗಿನದನ್ನು ಅವಳು ಎಷ್ಟು ಸಲ ಬೇಕಾದರೂ ನೆನೆದುಕೊಳ್ಳಬಲ್ಲವಳಾಗಿದ್ದಳು. ಇಲ್ಲಿಯವರೆಗಿನದು ಮರೆವು, ಮರೆವಿಗಾಗಿ ಯಾರನ್ನೂ ಗಲ್ಲಿಗೆ ಹಾಕುವುದಿಲ್ಲ. ಕೈಯಲ್ಲಿದ್ದ ಸೂಜಿ ಜಾರಿ ಮರದ ಮೇಲೆ ಉದ್ದಕ್ಕೆ ಒಂದು ಗೀರು ಬಿತ್ತು. ಥೂ ಅಂದಳು. ಆ ಬೆಳಿಗ್ಗೆ ಅತ್ತೆ ನೆಲದ ಮೇಲೆ ಪಕ್ಕಕ್ಕೆ ಮಲಗಿದ್ದರು, ಕಣ್ಣು ಮುಚ್ಚಿತ್ತು, ಎಡಗೈ ಚಾಚಿದ ಹಾಗೆಯೇ ಇತ್ತು, ಬೆತ್ತದ ಸ್ಟೂಲು ಮಂಚದಡಿಗೆ ಉರುಳಿತ್ತು. ಅವಳು ಓಡಿ ಬಂದು ಅವರ ಹೆಗಲು ಮುಟ್ಟಿದಳು. ಉಸಿರಿತ್ತು. ಬಚ್ಚಲಿನಲ್ಲಿ ಗಂಡ ನಲ್ಲಿ ಬಿಟ್ಟುಕೊಂಡು ಹಾಡುತ್ತಿದ್ದ. ಆಗ ಅವಳು ಅವನನ್ನು ಕೂಗಬೇಕಿತ್ತು. ಕೂಗಲಿಲ್ಲ. ಎದ್ದು ವರಾಂಡಕ್ಕೆ ಹೋದಳು. ಮೇಜಿನ ಎರಡು ಕಾಲೆತ್ತಿ, ಉಳಿದೆರಡು ಕಾಲಿನ ಮೇಲೆ ದರದರ ಎಳೆದುಕೊಂಡು ಬಂದು, ಮಂಚದ ಪಕ್ಕದಲ್ಲಿ, ನೆಲದ ಮೇಲಿನ ಹಳೆಯ ಗುರುತುಗಳ ಮೇಲೆ ಸರಿಯಾಗಿ ನಿಲ್ಲಿಸಿದಳು. ಸ್ಟೂಲನ್ನು ಒಳಗಿಟ್ಟಳು. ಆಮೇಲೆ, "ರೀ! ಬೇಗ ಬನ್ರೀ! ಅತ್ತೆ ಬಿದ್ದಿದಾರೆ!" ಎಂದು ಅವಳು ಕೂಗಿದ ಕೂಗು ಎಷ್ಟು ನಿಜವಾಗಿತ್ತೆಂದರೆ ಬೀದಿಯ ಜನವೆಲ್ಲ ಬಂದರು.

ತಲೆ ಸುತ್ತಿ ಬಿದ್ದಿರಬೇಕು ಎಂದು ಎಲ್ಲರೂ ಅಂದರು. ಹಿಡಿದುಕೊಳ್ಳಲು ಪಕ್ಕದಲ್ಲೇ ಮೇಜಿತ್ತು, ಆದರೂ ಬಿದ್ದಿದ್ದಾರೆಂದರೆ ತಲೆ ಸುತ್ತಿದ್ದೇ ಸರಿ. ಆಸ್ಪತ್ರೆಯವರು ಸೊಂಟದ ಮೂಳೆಗೆ ಕಬ್ಬಿಣ ಹಾಕಿದರು, ತಲೆ ಸುತ್ತಿಗೆ ಮಾತ್ರೆ ಕೊಟ್ಟರು. ಇಲ್ಲದ ತಲೆ ಸುತ್ತಿಗೆ ಅತ್ತೆ ದಿನಾ ಮಾತ್ರೆ ನುಂಗುವುದನ್ನು ಅವಳು ಮಂಚದ ಪಕ್ಕ ನಿಂತು ನೋಡಿದಳು. ಕಣ್ಣು ಮುಚ್ಚಿತ್ತು, ಅದು ನಿಜ. ಕಿವಿ? ಕಿವಿಗೆ ರೆಪ್ಪೆಯಿಲ್ಲ. ಆಸ್ಪತ್ರೆಯಲ್ಲಿ ಅತ್ತೆ ಅವಳನ್ನು ಕೇಳಿದ್ದು ಒಂದೇ ಒಂದು ಮಾತು, ಅದೂ ಗೋಡೆಯ ಕಡೆ ಮುಖ ಮಾಡಿ: "ಮನೇಲಿ ಎಲ್ಲ ಎಲ್ಲಿತ್ತೋ ಅಲ್ಲೇ ಇದೆಯಾ?"

"ಹ್ಞೂಂ ಅತ್ತೆ. ಎಲ್ಲಿತ್ತೋ ಅಲ್ಲೇ."

ಅತ್ತೆ "ಸರಿ" ಅಂದರು. ಆ 'ಸರಿ'ಯನ್ನು ಅವಳು ಅಂದಿನಿಂದ ಬಾಯಲ್ಲಿಟ್ಟುಕೊಂಡು ತಿರುಗಿಸುತ್ತಿದ್ದಳು, ನುಂಗಲೂ ಆಗದೆ ಉಗುಳಲೂ ಆಗದೆ. ಅವರಿಗೆ ಗೊತ್ತಿದ್ದರೆ ಮಗಳ ಮನೆಗೆ ಹೋಗುತ್ತಾರೆ. ಅವರು ಮಗಳ ಮನೆಗೆ ಹೋದರೆ ಅವರಿಗೆ ಗೊತ್ತಿತ್ತು ಎಂದೇ ಅರ್ಥ. ಅವರು ಇಲ್ಲಿರಬೇಕೆಂದು ತನಗೆ ಆಸೆಯೇನೂ ಇಲ್ಲ ಎಂದು ಒಂದು ಸಲ ಅನ್ನಿಸಿತು. ಅವರು ಹೋಗಬಾರದು ಎಂಬುದಷ್ಟೇ ಆಸೆ. ಇವೆರಡರ ನಡುವಿನ ಸಂದಿಯಲ್ಲಿ ಅವಳು ಕೂತಿದ್ದಳು, ನಿನ್ನೆ ಮತ್ತೆ ವರಾಂಡಕ್ಕೆ ತಂದ ಮೇಜಿನ ಮುಂದೆ, ಕೈಯಲ್ಲಿ ಉಪ್ಪುಕಾಗದ ಹಿಡಿದುಕೊಂಡು. ಮೇಜನ್ನು ಥಳಥಳ ಹೊಳೆಯುವ ಹಾಗೆ ಮಾಡಿ ಇಟ್ಟರೆ ಏನಾಗುತ್ತದೆ ಎಂಬುದು ಅವಳಿಗೂ ಗೊತ್ತಿರಲಿಲ್ಲ. ಆದರೆ ಕೈ ಸುಮ್ಮನಿರುತ್ತಿರಲಿಲ್ಲ.

ಕೊನೆಗೆ ಅವಳು ಎದ್ದು ಬಣ್ಣದಂಗಡಿಗೆ ಹೋದಳು. ಅಂಗಡಿಯವನು ಮೀಸೆಯ ತುದಿಗೆ ಸದಾ ಯಾವುದಾದರೊಂದು ಬಣ್ಣ ಅಂಟಿಸಿಕೊಂಡಿರುವ ಮನುಷ್ಯ. ಅವಳು ಮೂಸಂಬಿ ಬಣ್ಣದ ಲೇಪದ ಡಬ್ಬಿಯೊಂದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡುತ್ತಿದ್ದಾಗ ಅವನು, "ಅದೇ ಮೇಡಂ, ಬಣ್ಣ ಬಿಡ್ಸೋ ಲೇಪ. ದಪ್ಪಗೆ ಹಚ್ಚಿ, ಮರ್ತುಬಿಡಿ. ತಾನಾಗಿ ಗುಳ್ಳೆ ಏಳತ್ತೆ. ಮಧ್ಯ ಮಧ್ಯ ಹೋಗಿ ನೋಡಿದ್ರೆ ಏಳಲ್ಲ," ಎಂದ.

"ನೋಡಿದ್ರೆ ಯಾಕೆ ಏಳಲ್ಲ?"

"ನೋಡೋರು ಬರೀ ನೋಡಲ್ಲ ಮೇಡಂ. ಕೆರೀತಾರೆ."

ಅವಳು ಹಚ್ಚಿದಳು. ಮರೆಯಲು ಕೂತಳು. ಹಾಗೆ ನೋಡಿದರೆ ಮರೆಯುವುದಕ್ಕಾಗಿ ಕೂರುವಷ್ಟು ಕಷ್ಟದ ಕೆಲಸ ಇನ್ನೊಂದಿಲ್ಲ. ಒಲೆಯ ಮೇಲಿನ ಹಾಲು ನೋಡಿದಳು, ಉಕ್ಕಿರಲಿಲ್ಲ. ಮುಂದಿನ ಕೋಣೆಗೆ ಹೋಗಿ ಅತ್ತೆಯ ಮಂಚಕ್ಕೆ ಹೊಸ ಹಾಸು ಹಾಸಿದಳು, ತೆಗೆದು ಹಳೆಯದನ್ನೇ ಹಾಸಿದಳು. ಹೊಸದು ಏನನ್ನೋ ಮುಚ್ಚಿಟ್ಟ ಹಾಗೆ ಕಾಣುತ್ತಿತ್ತು. ಮಂಚದ ಪಕ್ಕದ ನೆಲದಲ್ಲಿ ಮೇಜಿನ ಕಾಲುಗಳ ನಾಲ್ಕು ಗುರುತು, ಅಲ್ಲಿಂದ ಹಿಂದಿನ ಬಾಗಿಲ ತನಕ ಎರಡು ಗೆರೆ. ಆ ಗೆರೆಗಳನ್ನು ಇಷ್ಟು ದಿನ ತಾನು ನೋಡಿಯೇ ಇರಲಿಲ್ಲ. ಒದ್ದೆ ಬಟ್ಟೆ ತಂದು ತಿಕ್ಕಿದಳು. ಕಲ್ಲಿನ ಮೇಲೆ ಬಿದ್ದ ಗೆರೆ ಬಟ್ಟೆಗೆ ಹೋಗುವುದಿಲ್ಲ. ವರಾಂಡಕ್ಕೆ ವಾಪಸು ಬಂದು ಲೇಪದ ಕಡೆ ನೋಡಿದಳು, ಗುಳ್ಳೆ ಎದ್ದಿರಲಿಲ್ಲ, ಕೆರೆದಳು. ಅರ್ಧ ಬೆಂದ ಬಣ್ಣ ಚಾಕುವಿಗೆ ಅಂಟಿಕೊಂಡು, ಮರಕ್ಕೂ ಅಂಟಿಕೊಂಡು, ನಡುವೆ ನೂಲಿನ ಹಾಗೆ ಎಳೆಯಿತು.

ಆಗ ನಾದಿನಿಯ ಫೋನು ಬಂತು. ಮನೆಯಲ್ಲಿ ಅವಳನ್ನು ಎಲ್ಲರೂ ರೇಡಿಯೋ ಎನ್ನುತ್ತಾರೆ. ಕೇಳುವವರು ಇದ್ದಾರೋ ಇಲ್ಲವೋ ಎಂಬುದನ್ನು ಅವಳು ಯಾವತ್ತೂ ಲೆಕ್ಕಕ್ಕೆ ತೆಗೆದುಕೊಂಡವಳಲ್ಲ. "ಅತ್ತಿಗೇ, ಹೊರಡೋ ತಯಾರಿ ನಡೀತಿದೆ ಇಲ್ಲಿ. ಅಣ್ಣ ಬಿಲ್ಲಿನ ಕ್ಯೂನಲ್ಲಿದಾನೆ. ಅಮ್ಮಂಗೆ ವಾಕರ್ ಕೊಟ್ಟಿದಾರೆ, ಅದರ ಮೇಲೆ ಕೋಪ, ಗಾಡಿ ತಳ್ಕೊಂಡು ತರಕಾರಿ ಮಾರೋಕೆ ಹೋಗ್ಲಾ ಅಂತಾರೆ. ಕೇಳ್ತಿದೀಯಾ?"

"ಕೇಳ್ತಿದೀನಿ."

"ಒಂದು ಮಾತು ಹೇಳ್ಬೇಕು ಅಂತಾನೇ ಮಾಡ್ದೆ. ಅಮ್ಮ ಇಲ್ಲಿ ಮೂರು ಹೊತ್ತೂ ಆ ಮೇಜಿನ ಬಗ್ಗೇನೇ ಕೇಳೋದು. ಮೇಜು ಎಲ್ಲಿದೆ, ಮೇಜು ಅಲ್ಲೇ ಇದೆಯಾ. ನಿದ್ದೇಲೂ ಕೈ ಚಾಚ್ತಾರೆ ಅತ್ತಿಗೆ! ನಂಗೆ ಕರುಳು ಚುರ್ ಅಂತು. ಅಪ್ಪನ ಕೈ ಬಣ್ಣ ಅಲ್ವಾ ಅದರ ಮೇಲಿರೋದು. ಎಷ್ಟು ವರ್ಷ ಆದ್ರೂ ಗಂಡ ಗಂಡಾನೇ ನೋಡು. ನಮ್ಮೋರು ಸತ್ರೆ ನಾನಂತೂ ಅವರ ಬೈಕು ಕೂಡ ಮುಟ್ಟಲ್ಲ, ಮಾರ್ತೀನಿ. ಅತ್ತಿಗೇ?"

"ಇದೀನಿ."

"ಮೇಜು ಜೋಪಾನ ಆಯ್ತಾ? ಅದೊಂದು ನೋಡಿದ್ರೆ ಅಮ್ಮ ಅಲ್ಲೇ ಉಳೀತಾರೆ ಅಂತ ನಂಗೆ ಗ್ಯಾರಂಟಿ. ನಂಗೇನು, ನಮ್ಮನೇಗೆ ಬಂದ್ರೂ ಸರಿ. ಆದ್ರೆ ನಮ್ಮನೆ ಗೊತ್ತಲ್ಲ, ಬೆಂಕಿಪೊಟ್ಣ. ಅಮ್ಮ ಬಂದ್ರೆ ನಾವು ಕಡ್ಡಿ ಥರ ಒಬ್ರ ಪಕ್ಕ ಒಬ್ರು ಮಲಗ್ಬೇಕು."

ಫೋನಿಟ್ಟ ಮೇಲೆ ಅವಳು ಮೇಜಿನ ಕಡೆ ತಿರುಗಿದಳು. ಎಡ ಅಂಚು ಉದ್ದಕ್ಕೂ ಬೆಳ್ಳಗೆ, ಕೂದಲು ತೆಗೆಸಿದ ತಲೆಯ ಹಾಗೆ ಕಂಡಿತು. ಮಾವನ ಬಣ್ಣವೆಲ್ಲ ಹಳೆಯ ಪತ್ರಿಕೆಯ ಮೇಲೆ ಸಿಪ್ಪೆಸಿಪ್ಪೆಯಾಗಿ ಬಿದ್ದಿತ್ತು. ಉಳಿದದ್ದು ಆ ಒಂದು ಹಸಿರು. ಬೆಳಗಿನಿಂದ ಅದಕ್ಕೆ ಹಾಕಿದ ಶಾಪ ಅಷ್ಟಿಷ್ಟಲ್ಲ. ಈಗ ಅದರ ಮೇಲೆ ಅಂಗೈ ಮುಚ್ಚಿದಳು, ಗಾಳಿಗೆ ಹಾರಿಹೋದೀತು ಎಂಬ ಹಾಗೆ. ಲೇಪದ ಉಳಿಕೆ ಚರ್ಮಕ್ಕೆ ತಾಗಿ ಉರಿಯಿತು. ಕೈ ತೊಳೆಯುತ್ತ, ಮೊದಲು ಮೇಜು ಎಳೆದೆ, ಆಮೇಲೆ ಅತ್ತೆಯ ಗಂಡನ ನೆನಪನ್ನೂ ಕೆರೆದು ಹಾಕಿದೆ, ಇನ್ನು ಮನೆಯಲ್ಲಿ ಹೆಂಚುಗಳು ಮಾತ್ರ ಉಳಿದಿವೆ ಎಂದುಕೊಂಡಳು. ನಗು ಬಂತು, ಆ ಹೊತ್ತಿನಲ್ಲಿ ಬರಬಾರದ ನಗು. ಆಮೇಲೆ, ಯಾರೂ ಹೇಳದೆ, ಅವಳ ಕೈಗೆ ತನ್ನ ಕಸುಬು ನೆನಪಾಯಿತು.

ಬಣ್ಣದಂಗಡಿಯವನು ಅವಳು ಕೇಳಿದ ಪುಟ್ಟ ಡಬ್ಬಿಗಳನ್ನು ಒಂದೊಂದಾಗಿ ಮುಂದಿಟ್ಟ: ಕೆಂಪು, ನೀಲಿ, ಹಳದಿ. ಅವಳ ಮುಖ ನೋಡಿದ. ಡಬ್ಬಿಗಳನ್ನು ನೋಡಿದ. "ಆಗ ಬಿಡ್ಸೋಕೆ ತಗೊಂಡ್ರಿ, ಈಗ ಹಚ್ಚೋಕೆ?"

"ಹ್ಞೂಂ."

"ಅದೇ ಮೇಜಿಗಾ?"

"ಅದೇ ಮೇಜಿಗೆ."

"ನಾಳೆ ಬಿಡ್ಸೋಕೆ ಮತ್ತೆ ಬರ್ತೀರಲ್ಲ, ಈಗ್ಲೇ ಒಟ್ಟಿಗೆ ಕಟ್ಟಿಕೊಡ್ಲಾ?" ಅಂದು ಅವನು ತನ್ನ ಜೋಕಿಗೆ ತಾನೇ ನಕ್ಕ. ಅಂಗಡಿಯಲ್ಲಿದ್ದ ಇನ್ನಿಬ್ಬರು ನಗಲೋ ಬೇಡವೋ ಎಂದು ಅವಳ ಮುಖ ನೋಡಿ, ನಕ್ಕರು. ಹಲ್ಲುಗಳು ಕಂಡವು. ಒಬ್ಬನದು ಸುಮಾರಿನ ಕಟ್ಟುಹಲ್ಲು, ಕಲೆಯಿಲ್ಲದ್ದು, ಯಾರೂ ನಂಬದಂಥದ್ದು.

ವರಾಂಡದಲ್ಲಿ ಅವಳು ಒಂದು ಗಂಟೆಯ ಕಾಲ ಬದುಕಿನಲ್ಲಿ ಮೊದಲ ಬಾರಿಗೆ ಎಂಬಂತೆ ಶಾಂತವಾಗಿದ್ದಳು. ಮೊದಲು ಹಳದಿ, ಅದರ ಮೇಲೆ ನೀಲಿ, ಅದು ಅಂಟುವ ಹದಕ್ಕೆ ಬಂದಾಗ ಕೆಂಪು. ಕುಂಚವನ್ನು ಹಿಡಿದದ್ದು ಹಚ್ಚುವವಳ ಹಾಗೆ ಅಲ್ಲ, ಬೇರೇನನ್ನೋ ಬರೆಯುತ್ತ ಲಕ್ಷ್ಯವಿಲ್ಲದೆ ಒರೆಸುವವನ ಹಾಗೆ. ಅದಕ್ಕಾಗಿ ಅವಳು ಮಾವನಾಗಬೇಕಾಯಿತು: ಕಣ್ಣನ್ನು ಗೋಡೆಯ ಮೇಲಿಟ್ಟು, ನಾಲಗೆಯ ತುದಿಯನ್ನು ಹೊರಗೆ ಹಾಕಿ, ಇಲ್ಲದ ಬೋರ್ಡಿನ ಮೇಲೆ ಇಲ್ಲದ ಅಕ್ಷರ ತಿದ್ದುತ್ತ ಎಡಗಡೆಗೆ ಕೈ ಬೀಸಿದಳು. ಚಹಾದ ಗಸಿ ಹಚ್ಚಿ ಹೊಳಪು ಕೊಂದಳು. ಕ್ಲಿನಿಕ್ಕಿನಲ್ಲಿ ಹಲ್ಲಿನ ಅಚ್ಚಿಗೆ ಬಳಸುವ ಬಿಳಿ ಪುಡಿ ಉದುರಿಸಿ ಬೆರಳಿನಿಂದ ತೀಡಿದಳು. ಉಗುರಿನಿಂದ ಅಲ್ಲಲ್ಲಿ ಚಕ್ಕೆ ಎಬ್ಬಿಸಿದಳು. ಹಸಿರನ್ನು ಮಾತ್ರ ಮುಟ್ಟಲಿಲ್ಲ. ಅದೊಂದು ನಿಜದ್ದು, ಉಳಿದವಕ್ಕೆ ಸಾಕ್ಷಿ ಹೇಳಲಿ. ಕೂದಲು ಒಣಗಿಸುವ ಯಂತ್ರದಿಂದ ಬಿಸಿಗಾಳಿ ಹಾಯಿಸಿದಳು. ಹಿಂದೆ ಸರಿದು ನೋಡಿದಾಗ ಅವಳಿಗೆ ತನ್ನ ಕೈಯ ಮೇಲೆ ಹೆಮ್ಮೆಯಾಯಿತು, ಹೆಮ್ಮೆಯಾದದ್ದಕ್ಕೆ ಹೆದರಿಕೆಯಾಯಿತು. ಹೊರಗೆ ಗಾಡಿ ನಿಂತ ಸದ್ದು ಕೇಳುವಷ್ಟರಲ್ಲಿ ಮೇಜು ಮಂಚದ ಪಕ್ಕ ನಾಲ್ಕು ಗುರುತುಗಳ ಮೇಲೆ ನಿಂತಿತ್ತು. ಈ ಸಲ ಅವಳು ಅದನ್ನು ಎಳೆಯಲಿಲ್ಲ, ಎತ್ತಿಕೊಂಡೇ ಬಂದಳು.

ಅತ್ತೆ ತೆಳ್ಳಗಾಗಿದ್ದರು. ವಾಕರಿನ ಹಿಂದೆ ಹೆಜ್ಜೆಗೊಮ್ಮೆ ನಿಂತು, ಮಗ ಒಂದು ಕಡೆ ಮಗಳು ಒಂದು ಕಡೆ, ಮೆರವಣಿಗೆಯ ಹಾಗೆ ಒಳಗೆ ಬಂದರು. ನಾದಿನಿ ಹೊಸಿಲಿನಿಂದಲೇ ಸುದ್ದಿ ಓದತೊಡಗಿದ್ದಳು: ದಾರಿಯಲ್ಲಿ ಟ್ರಾಫಿಕ್ಕು, ಡ್ರೈವರನ ಹೊಗೆಸೊಪ್ಪು, ಪಕ್ಕದ ವಾರ್ಡಿನ ಮುದುಕಿ. ಅತ್ತೆ ಮಂಚದ ಮೇಲೆ ಕೂತು, ಕಾಲು ಸರಿಮಾಡಿಕೊಂಡು, ಕೋಣೆಯನ್ನು ಒಂದು ಸುತ್ತು ನೋಡಿದರು. ನೆಲದ ಗೆರೆಗಳ ಮೇಲೆ ಅವರ ಕಣ್ಣು ಸ್ವಲ್ಪ ಹೊತ್ತು ನಿಂತಿತೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ. ಆಮೇಲೆ ಅವರು ನೋಡದೆ ಎಡಗೈ ಚಾಚಲಿಲ್ಲ. ತಲೆ ತಿರುಗಿಸಿ, ಮೇಜು ಅಲ್ಲಿದೆಯೇ ಎಂದು ಕಣ್ಣಿನಿಂದ ನೋಡಿಕೊಂಡು, ಆಮೇಲೆ ಅಂಚಿನ ಮೇಲೆ ಕೈ ಇಟ್ಟರು.

"ಅಯ್ಯಯ್ಯೋ ಅಮ್ಮಾ! ಕೈಯೆಲ್ಲ ರಕ್ತ!" ನಾದಿನಿ ಕಿರುಚಿದಳು.

ಅತ್ತೆ ಬೆರಳುಗಳನ್ನು ಮೂಗಿನ ಹತ್ತಿರ ಹಿಡಿದು ಮೂಸಿದರು. "ರಕ್ತ ಅಲ್ವೇ. ಎನಾಮಲ್ಲು." ಇನ್ನೊಮ್ಮೆ ಮೂಸಿದರು. "ಹೊಸದು."

ಕೋಣೆಯಲ್ಲಿ ರೇಡಿಯೋ ಕೂಡ ನಿಂತುಹೋಯಿತು. ಗಂಡ ಬಗ್ಗಿ ಮೇಜಿನ ಅಂಚನ್ನು ನೋಡಿದ, ಹೆಂಡತಿಯ ಉಗುರುಗಳಲ್ಲಿದ್ದ ಮೂರು ಬಣ್ಣ ನೋಡಿದ. "ಬೆಳಿಗ್ಗೆ ಕಲೆ ತೆಗೀತಿದೀನಿ ಅಂದ್ಯಲ್ಲ?"

"ತೆಗ್ದೆ."

"ಮತ್ತೆ ಇದು?"

"ಮತ್ತೆ ಹಾ... ಹಾಕ್ದೆ."

ಅವನು ನಕ್ಕುಬಿಟ್ಟ. ಕೆಟ್ಟ ನಗುವಲ್ಲ; ಆದರೂ ಅವಳಿಗೆ ಕಿವಿಯ ತನಕ ಬಿಸಿಯಾಯಿತು. ನಾದಿನಿ, "ಪಾಪ, ಅಮ್ಮಂಗೆ ಬೇಜಾರಾಗ್ಬಾರ್ದು ಅಂತ ಅಲ್ವಾ ಅತ್ತಿಗೆ?" ಎಂದು ಅವಳ ಪರವಾಗಿ ಉತ್ತರವನ್ನೂ ಹೇಳಿ, ಕಣ್ಣನ್ನೂ ಒರೆಸಿಕೊಂಡಳು. ಅತ್ತೆ ಮಗನಿಗೆ ಥಿನ್ನರ್ ತರಲು ಹೇಳಿದರು, ಮಗಳಿಗೆ ಕಾಫಿ ಮಾಡಲು ಹೇಳಿದರು. ಅವರಿಬ್ಬರೂ ಹೋದ ಮೇಲೆ ಬಣ್ಣದ ಕೈಯನ್ನು ಮಡಿಲಿನಿಂದ ದೂರ, ಗಾಳಿಯಲ್ಲಿ ಹಿಡಿದುಕೊಂಡು, "ಇಲ್ಲಿ ಕೂತ್ಕೋ," ಎಂದರು.

"ಅತ್ತೆ, ಮೇಜು... ಆವತ್ತು ನಾನು..."

"ಸುಮ್ನಿರು. ನಾನು ಮೊದಲು." ಹಲ್ಲು ಸರಿಯಾಗಿ ಕೂತಿರಲಿಲ್ಲವೆಂದು ಕಾಣುತ್ತದೆ, ನಾಲಗೆಯಿಂದ ಒತ್ತಿಕೊಂಡರು. "ಎದ್ದೆ. ಕೈ ಚಾಚ್ದೆ. ಸ್ಟೂಲು ಸಿಕ್ತು, ಅದು ನನ್ಜೊತೆ ತಾನೂ ಬಿತ್ತು. ಅದಿರ್ಲಿ. ನಾಲ್ಕು ಜನ ಓಡಾಡೋ ಮನೆ, ಸಾಮಾನು ಅತ್ಲಾಗೆ ಇತ್ಲಾಗೆ ಆಗತ್ತೆ. ನಾನು ನಿನ್ನ ಚಾಕು ಎಷ್ಟು ಸಲ ಎಲ್ಲೆಲ್ಲೋ ಇಟ್ಟಿಲ್ಲ. ನೀನು ಓಡಿ ಬಂದು ಹೆಗಲು ಮುಟ್ಟಿದೆ. ಇವಳಿದಾಳೆ ಅಂತ ಜೀವ ಬಂತು. ಆಮೇಲೆ ಎದ್ದು ಹೋದೆ. ನೀರು ತರೋಕೆ ಹೋದ್ಲು ಅಂದ್ಕೊಂಡೆ." ಅವರು ನೆಲದ ಗೆರೆಗಳ ಕಡೆ ಗದ್ದದಿಂದ ತೋರಿಸಿದರು. "ಮೇಜು ತಂದೆ."

ಅಡುಗೆಮನೆಯಲ್ಲಿ ನಾದಿನಿ ಪಾತ್ರೆಗಳೊಡನೆ ಮಾತಾಡುತ್ತಿದ್ದಳು.

"ಇವರಿಗೆ ಹೇಳ್ತೀನಿ ಅತ್ತೆ. ಈಗ್ಲೇ ಹೇಳ್ತೀನಿ."

"ಯಾಕೆ? ಅವನು ಲಿಫ್ಟು ನೋಡ್ಕೊಂಡಿರ್ಲಿ. ನಾನು ಯಾರಿಗೂ ಹೇಳಿಲ್ಲ, ಹೇಳೋದೂ ಇಲ್ಲ. ನೀನೂ ಹೇಳಿ ಹಗುರ ಆಗ್ಬೇಡ." ಬಣ್ಣದ ಬೆರಳುಗಳನ್ನು ಮುಖದ ಮುಂದೆ ಹಿಡಿದರು. "ಈ ಕಲೆ ಮತ್ತೆ ಯಾಕೆ ಹಾಕ್ದೆ ಮಾರಾಯ್ತಿ? ಅವರಿದ್ದಾಗ ಇದಕ್ಕೋಸ್ಕರ ನಾನು ಬಾಯಿ ಹರ್ಕೊಂಡಿದ್ದು ಒಂದಾ ಎರಡಾ. ಕೆಂಪು ಮಾತ್ರ ಥೇಟು ಅವರದೇ."

"ನಿಮಗೆ ಕೋಪ..."

"ಕೋಪ ಇಲ್ಲ. ಕೋಪ ಇದ್ದಿದ್ರೆ ಇಲ್ಲೇ ಇದ್ದು ತೀರಿಸ್ಕೊಳ್ತಿದ್ದೆ." ಅವರು ನಕ್ಕರು, ಅವಳು ಇಟ್ಟ ಬಿರುಕು ಮುಂದಿನ ಹಲ್ಲಿನಲ್ಲಿ ಕಂಡಿತು. "ಈಗ ನೋಡಿದ್ಯಲ್ಲ, ಕೈ ಚಾಚೋ ಮುಂಚೆ ತಿರುಗಿ ನೋಡ್ದೆ. ಈ ಮನೇಲಿ ಇನ್ಮೇಲೆ ಹಾಗೇ. ಎಲ್ಲದಕ್ಕೂ ತಿರುಗಿ ನೋಡಿ ಕೈ ಇಡ್ಬೇಕು. ಈ ಸೊಂಟ ಇಟ್ಕೊಂಡು ಅಷ್ಟು ತಿರುಗೋಕೆ ನನ್ಕೈಲಾಗಲ್ಲ ಕಣೇ. ಅವಳ ಮನೆ ಚಿಕ್ಕದು. ಎಲ್ಲಿ ಕೈ ಚಾಚಿದ್ರೂ ಗೋಡೆ ಸಿಗತ್ತೆ."

ಗಂಡ ಥಿನ್ನರಿನ ಬಾಟಲಿ ಹಿಡಿದುಕೊಂಡು ಬಂದ. ಅವಳು ಅದನ್ನು ಅವನ ಕೈಯಿಂದ ಇಸಿದುಕೊಂಡು, ಬಟ್ಟೆಗೆ ಹಾಕಿ, ಅತ್ತೆಯ ಬೆರಳುಗಳನ್ನು ಒಂದೊಂದಾಗಿ ಒರೆಸಿದಳು. ಹಸಿ ಬಣ್ಣವಾದ್ದರಿಂದ ಬೇಗ ಹೋಯಿತು. ನಾದಿನಿ ತಂದ ಕಾಫಿಗೆ ಸಕ್ಕರೆ ಹೆಚ್ಚಾಗಿತ್ತು. ಅತ್ತೆ ಹಾಗೆಂದು ಹೇಳಿ ಪೂರ್ತಿ ಕುಡಿದರು.

ಆಮೇಲೆ ಅತ್ತೆ ಮಗಳ ಮನೆಗೆ ಹೋದರು.